ತಂತಿಯ ಲೆಕ್ಕ ಬಿಡಿಸಿದ ಜಾರ್ಜ್ ಓಮ್

ಮಕ್ಕಳೇ, ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಪುಟ್ಟ ಮನೆಯನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ಅದಕ್ಕೆ ಕ್ಯಾಂಪರ್ ಟ್ರೈಲರ್ ಎಂದು ಹೆಸರು. ಆಸ್ಟ್ರೇಲಿಯದಂತಹ ದೇಶಗಳಲ್ಲಿ ರಜೆ ಬಂತೆಂದರೆ ಎಷ್ಟೋ ಕುಟುಂಬಗಳು ಇದನ್ನು ಎಳೆದುಕೊಂಡು ಊರುಕೇರಿ ಇಲ್ಲದ ಬಯಲಿಗೆ ಹೋಗಿ ಬಿಡಾರ ಹೂಡುತ್ತವೆ. ಅಲ್ಲಿ ಕರೆಂಟು ಕಂಬ ಎಲ್ಲಿಂದ ಬರಬೇಕು? ಟ್ರೈಲರ್‌ನಲ್ಲಿ ಇಟ್ಟಿರುವ 12 ವೋಲ್ಟಿನ ಬ್ಯಾಟರಿಯೇ ದೀಪಕ್ಕೂ ನೀರಿನ ಪಂಪಿಗೂ ಫ್ರಿಜ್‌ಗೂ ಆಧಾರ.

ಒಂದು ರಾತ್ರಿ ಫ್ರಿಜ್ ಇದ್ದಕ್ಕಿದ್ದಂತೆ ನಿಂತುಹೋಯಿತು ಎಂದುಕೊಳ್ಳಿ. ಯಜಮಾನ ಎದ್ದು ಬಂದು ಮೀಟರ್ ಹಿಡಿದು ನೋಡುತ್ತಾನೆ. ಬ್ಯಾಟರಿ 12 ವೋಲ್ಟ್ ತೋರಿಸುತ್ತಿದೆ. ಫ್ರಿಜ್ಜನ್ನು ಅಂಗಡಿಗೆ ಒಯ್ದರೆ ಅಲ್ಲಿ ಚೆನ್ನಾಗಿಯೇ ಓಡುತ್ತದೆ. ಬ್ಯಾಟರಿಯೂ ಸರಿ, ಫ್ರಿಜ್ಜೂ ಸರಿ. ಹಾಗಾದರೆ ತಪ್ಪು ಎಲ್ಲಿದೆ? ಇದು ಗೊತ್ತಿಲ್ಲದೆ ಹೊಸ ಬ್ಯಾಟರಿ ಕೊಂಡು ದುಡ್ಡು ಕಳೆದುಕೊಳ್ಳುವವರು ಇದ್ದಾರೆ. ಈ ಒಗಟಿನ ಕೀಲಿಯನ್ನು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು ಹುಡುಕಿಕೊಟ್ಟಿದ್ದಾನೆ. ಆತನ ಹೆಸರು ಜಾರ್ಜ್ ಸೈಮನ್ ಓಮ್.

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ. ತಂದೆ ಬೀಗ ಮಾಡುವ ಕಸುಬುದಾರ. ಆತ ಶಾಲೆ ಕಲಿತವನಲ್ಲ, ಆದರೆ ತಾನಾಗಿಯೇ ಪುಸ್ತಕ ಓದಿ ಗಣಿತ ಕಲಿತಿದ್ದ. ತಾಯಿ ತೀರಿಕೊಂಡಾಗ ಜಾರ್ಜ್‌ಗೆ ಹತ್ತು ವರ್ಷ. ತಂದೆಯೇ ಜಾರ್ಜ್‌ಗೂ ತಮ್ಮ ಮಾರ್ಟಿನ್‌ಗೂ ಲೆಕ್ಕ, ವಿಜ್ಞಾನ ಹೇಳಿಕೊಟ್ಟ. ಲೋಹದ ಕೆಲಸವೂ ಹುಡುಗರ ಕೈಗೆ ಹತ್ತಿತು. ಈ ಕೈಕೆಲಸ ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂದು ನೀವೇ ನೋಡುವಿರಿ. ತಮ್ಮನೂ ಮುಂದೆ ಗಣಿತಜ್ಞನಾದ.

1805ರಲ್ಲಿ ಜಾರ್ಜ್ ವಿಶ್ವವಿದ್ಯಾಲಯ ಸೇರಿದ. ಸೇರಿದ ಮೇಲೆ ಓದಿನ ಕಡೆ ಗಮನ ಕಡಿಮೆಯಾಯಿತು. ನೃತ್ಯ, ಹಿಮದ ಮೇಲೆ ಜಾರುವ ಆಟ, ಬಿಲಿಯರ್ಡ್ಸ್ ಇವುಗಳಲ್ಲೇ ದಿನ ಕಳೆಯತೊಡಗಿದ. ಹೊಟ್ಟೆಬಟ್ಟೆ ಕಟ್ಟಿ ಓದಿಸುತ್ತಿದ್ದ ತಂದೆಗೆ ಸಿಟ್ಟು ಬಂತು. ಕಾಲೇಜು ಬಿಡಿಸಿ ಸ್ವಿಟ್ಜರ್‌ಲೆಂಡಿಗೆ ಕಳುಹಿಸಿಬಿಟ್ಟ. ಹದಿನೇಳು ವರ್ಷದ ಹುಡುಗ ಅಲ್ಲಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾದ! ಬಿಡುವಿನಲ್ಲಿ ತಾನೇ ಓದಿಕೊಂಡು, 1811ರಲ್ಲಿ ಎರ್ಲಾಂಗನ್‌ಗೆ ಮರಳಿ ಡಾಕ್ಟರೇಟ್ ಪಡೆದ. ಆದರೂ ಒಳ್ಳೆಯ ಕೆಲಸ ಸಿಗಲಿಲ್ಲ. ಆರೇಳು ವರ್ಷ ಸಣ್ಣ ಸಂಬಳದಲ್ಲೇ ಪಾಠ ಹೇಳಿ, 1817ರಲ್ಲಿ ಕಲೋನ್ ನಗರದ ಒಂದು ಪ್ರೌಢಶಾಲೆ ಸೇರಿದ. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಓಮ್‌ಗೆ ಬೇಕಾದದ್ದೂ ಅದೇ.

ಆಗ ವಿದ್ಯುತ್ತು ಹೊಸ ವಿಷಯ. ಇಟಲಿಯ ವೋಲ್ಟಾ ಮೊದಲ ಬ್ಯಾಟರಿಯನ್ನು ಪ್ರಕಟಿಸಿ ಇನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಅಯರ್‌ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಇದರಿಂದ ಓಮ್‌ಗೆ ಒಂದು ಅಳತೆಗೋಲು ಸಿಕ್ಕಿತು. ಮುಳ್ಳು ಹೆಚ್ಚು ತಿರುಗಿದರೆ ಪ್ರವಾಹ ಹೆಚ್ಚು, ಕಡಿಮೆ ತಿರುಗಿದರೆ ಕಡಿಮೆ. ತಂತಿ ಉದ್ದವಾದಂತೆ ಪ್ರವಾಹ ಎಷ್ಟು ಇಳಿಯುತ್ತದೆ? ಓಮ್ ಹಿಡಿದ ಪ್ರಶ್ನೆ ಇಷ್ಟೇ.

ಕೇಳಲು ಸುಲಭ, ಮಾಡಲು ಹೊರಟರೆ ಬ್ಯಾಟರಿಯೇ ಕೈಕೊಟ್ಟಿತು. ತಂತಿ ಜೋಡಿಸಿದ ಕೂಡಲೇ ಮುಳ್ಳು ಜೋರಾಗಿ ತಿರುಗುವುದು, ನೋಡುನೋಡುತ್ತಲೇ ಹಿಂದೆ ಸರಿಯುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿದರೆ ಮೊದಲಿನ ಅಳತೆ ಬರುತ್ತಿರಲಿಲ್ಲ. ಆ ಕಾಲದ ಬ್ಯಾಟರಿ ಎಂದರೆ ದ್ರಾವಣದಲ್ಲಿ ಮುಳುಗಿಸಿದ ಸತು ಮತ್ತು ತಾಮ್ರದ ಫಲಕಗಳು. ವಿದ್ಯುತ್ತು ಹರಿಯುತ್ತಿದ್ದಂತೆ ತಾಮ್ರದ ಮೇಲೆ ಹೈಡ್ರೋಜನ್ ಗುಳ್ಳೆಗಳು ಕೂತು ಬ್ಯಾಟರಿಯ ಬಲ ತಗ್ಗುತ್ತಿತ್ತು. ತಂತಿ ಬದಲಾದದ್ದರಿಂದ ಮುಳ್ಳು ಇಳಿಯಿತೋ, ಬ್ಯಾಟರಿ ಸೋತದ್ದರಿಂದ ಇಳಿಯಿತೋ ಹೇಳುವವರು ಯಾರು? ತಕ್ಕಡಿಯ ಬಟ್ಟೇ ಕರಗುತ್ತಾ ಹೋದರೆ ಅಂಗಡಿಯವನು ಬೆಲ್ಲ ತೂಗುವುದು ಹೇಗೆ? ಹೀಗಾಗಿ 1825ರಲ್ಲಿ ಓಮ್ ಅಚ್ಚು ಹಾಕಿಸಿದ ಮೊದಲ ಸೂತ್ರ ತಪ್ಪಾಗಿತ್ತು.

ಭೌತವಿಜ್ಞಾನದ ಪತ್ರಿಕೆಯೊಂದರ ಸಂಪಾದಕನಾಗಿದ್ದ ಪೊಗೆನ್‌ಡೋರ್ಫ್ ಆಗ ಒಂದು ಸಲಹೆ ಕೊಟ್ಟ. ಬ್ಯಾಟರಿಯನ್ನು ಬಿಟ್ಟು ಉಷ್ಣಯುಗ್ಮ ಬಳಸಿ ನೋಡು ಎಂಬುದು ಆ ಸಲಹೆ. ಎರಡು ಬೇರೆ ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ವಿದ್ಯುತ್ತು ಹರಿಯುತ್ತದೆ. ಇದನ್ನು ಸೀಬೆಕ್ ಎಂಬಾತ 1821ರಲ್ಲಿ ಕಂಡಿದ್ದ. ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿದ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನೀರು ಕುದಿಯುತ್ತಿರುವವರೆಗೆ, ಮಂಜು ಕರಗಿ ಮುಗಿಯದಿರುವವರೆಗೆ ಉಷ್ಣತೆಯ ವ್ಯತ್ಯಾಸ ಬದಲಾಗದು. ಹಾಗಾಗಿ ವಿದ್ಯುತ್ತಿನ ಒತ್ತಡವೂ ಬದಲಾಗದು. ನಿಮ್ಮ ಟಾರ್ಚಿನ ಒಂದು ಸೆಲ್ಲಿನ ನೂರರಲ್ಲಿ ಒಂದು ಪಾಲೂ ಬಲವಿಲ್ಲದ ಸಾಧನ ಅದು. ಆದರೆ ಅಲುಗಾಡುವುದಿಲ್ಲ! ಪ್ರವಾಹ ಅಳೆಯಲು ಲೋಹದ ತೆಳು ಪಟ್ಟಿಯಲ್ಲಿ ಕಾಂತಸೂಜಿಯನ್ನು ತೂಗುಬಿಟ್ಟ. ಸೂಜಿ ತಿರುಗಿದಾಗ ಪಟ್ಟಿಯನ್ನು ತಿರುಚಿ ಅದನ್ನು ಮೊದಲಿನ ಜಾಗಕ್ಕೆ ತರುವುದು, ಎಷ್ಟು ತಿರುಚಬೇಕಾಯಿತೆಂದು ಬರೆದುಕೊಳ್ಳುವುದು. ಇಂತಹ ನಾಜೂಕಿನ ಕೆಲಸಕ್ಕೆ ಬೀಗದವನ ಮಗನ ಕೈಯೇ ಬೇಕಿತ್ತು.

1826ರ ಜನವರಿಯಲ್ಲಿ ಓಮ್ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಅಳೆದ. ಎಲ್ಲಕ್ಕಿಂತ ಗಿಡ್ಡ ತಂತಿ ಆಗಿನ ಲೆಕ್ಕದಲ್ಲಿ 2 ಅಂಗುಲ, ಎಲ್ಲಕ್ಕಿಂತ ಉದ್ದನೆಯದು 130 ಅಂಗುಲ. ಗಿಡ್ಡ ತಂತಿಗೆ ಸುಮಾರು 327 ಅಳತೆ ಬಂದರೆ ಉದ್ದ ತಂತಿಗೆ ಬಂದದ್ದು ಸುಮಾರು 48. ಈಗ ಪೆನ್ಸಿಲ್ ತೆಗೆದುಕೊಳ್ಳಿ. ತಂತಿ 65 ಪಟ್ಟು ಉದ್ದವಾಯಿತು. ಪ್ರವಾಹವೂ 65 ಪಟ್ಟು ಇಳಿಯಬೇಕಿತ್ತಲ್ಲವೇ? ಇಳಿದದ್ದು ಏಳು ಪಟ್ಟೂ ಅಲ್ಲ!

ಇಲ್ಲಿಯೇ ಓಮ್‌ನ ಜಾಣತನ. ವಿದ್ಯುತ್ತು ಆ ತಂತಿಯಲ್ಲಿ ಮಾತ್ರ ಹರಿಯುವುದಿಲ್ಲ, ಉಷ್ಣಯುಗ್ಮದ ಒಳಗೂ ಮಿಕ್ಕ ಜೋಡಣೆಯಲ್ಲೂ ಹರಿದು ಸುತ್ತು ಮುಗಿಸಬೇಕು. ಅವೂ ಅದನ್ನು ತಡೆಯುತ್ತವೆ. ಆ ತಡೆಯೆಲ್ಲ ಸೇರಿ ಇಪ್ಪತ್ತೂಕಾಲು ಅಂಗುಲ ತಂತಿಗೆ ಸಮ ಎಂದು ಓಮ್ ಲೆಕ್ಕ ಹಾಕಿದ. ನೀವೂ ಕೂಡಿಸಿ ನೋಡಿ. 2ಕ್ಕೆ ಇಪ್ಪತ್ತೂಕಾಲು ಸೇರಿಸಿದರೆ ಇಪ್ಪತ್ತೆರಡೂಕಾಲು. 130ಕ್ಕೆ ಸೇರಿಸಿದರೆ ನೂರೈವತ್ತೂಕಾಲು. ಎರಡನೆಯದು ಮೊದಲನೆಯದರ ಆರೂಮುಕ್ಕಾಲು ಪಟ್ಟು. 327ನ್ನು ಆರೂಮುಕ್ಕಾಲರಿಂದ ಭಾಗಿಸಿದರೆ ಎಷ್ಟು ಬರುತ್ತದೆ? ಲೆಕ್ಕ ಹೇಗೆ ಕೂತಿತು ನೋಡಿದಿರಾ! ವಿದ್ಯುತ್ತಿಗೆ ಬರುವ ಈ ತಡೆಗೆ ರೋಧ ಎನ್ನುತ್ತಾರೆ. ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಮಂಡಲದ ಒಟ್ಟು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. ಇದೇ ಓಮ್‌ನ ನಿಯಮ.

ಇಷ್ಟು ಸರಳವಾದುದನ್ನು ಕಂಡುಹಿಡಿದವನಿಗೆ ಮೆರವಣಿಗೆ ಮಾಡಿರಬೇಕು ಎಂದುಕೊಂಡಿರಾ? ನಡೆದದ್ದು ಬೇರೆ. ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ಗೆ ಹೋಗಿ, 1827ರಲ್ಲಿ ಓಮ್ ಪುಸ್ತಕ ಪ್ರಕಟಿಸಿದ. ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುತ್ತದೆಂಬ ಆಸೆ ಅವನದು. ಪುಸ್ತಕದ ತುಂಬ ಗಣಿತವಿತ್ತು. ಪ್ರಯೋಗದ ವಿಷಯಕ್ಕೆ ಇಷ್ಟೊಂದು ಗಣಿತವೇಕೆ ಎಂದು ಅನೇಕ ವಿದ್ವಾಂಸರು ಮುಖ ತಿರುಗಿಸಿದರು. ಹುದ್ದೆ ಸಿಗಲಿಲ್ಲ. ನೊಂದುಕೊಂಡ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೂ ರಾಜೀನಾಮೆ ಕೊಟ್ಟ. ಬರ್ಲಿನ್‌ನಲ್ಲಿ ವಾರಕ್ಕೆ ಕೆಲವು ತಾಸು ಗಣಿತ ಹೇಳಿಕೊಟ್ಟು ದಿನ ದೂಡಿದ. 1833ರಲ್ಲಿ ನ್ಯೂರೆಂಬರ್ಗ್‌ನ ತಾಂತ್ರಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಪುಸ್ತಕ ಬಂದು ಹದಿನಾಲ್ಕು ವರ್ಷವಾದ ಮೇಲೆ, 1841ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿತು. ಬಯಸಿದ್ದ ವಿಶ್ವವಿದ್ಯಾಲಯದ ಭೌತವಿಜ್ಞಾನ ಪೀಠ ಮ್ಯೂನಿಕ್‌ನಲ್ಲಿ ದಕ್ಕಿದ್ದು 1852ರಲ್ಲಿ. ಅದಾಗಿ ಎರಡೇ ವರ್ಷ, 1854ರ ಜುಲೈ 6ರಂದು ಓಮ್ ತೀರಿಕೊಂಡ.

ಇನ್ನೊಂದು ಸ್ವಾರಸ್ಯ ಕೇಳಿ. ಇಂಗ್ಲೆಂಡಿನ ಕ್ಯಾವೆಂಡಿಷ್ 1781ರಲ್ಲೇ ಇಂತಹುದೇ ನಿಯಮವನ್ನು ಕಂಡುಕೊಂಡಿದ್ದ. ಮೀಟರ್ ಇಲ್ಲದ ಕಾಲ, ತನ್ನ ಮೈಗೇ ಶಾಕ್ ಹೊಡೆಸಿಕೊಂಡು ಹೆಚ್ಚುಕಡಿಮೆ ಅಂದಾಜು ಮಾಡುತ್ತಿದ್ದ! (ನೀವು ಯಾರೂ ಹೀಗೆ ಮಾಡಬಾರದು.) ಬರೆದಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಅದು ಅಚ್ಚಾದದ್ದು 1879ರಲ್ಲಿ. ಅಷ್ಟರಲ್ಲಿ ಓಮ್‌ನ ನಿಯಮ ಎಲ್ಲೆಡೆ ಬಳಕೆಗೆ ಬಂದಿತ್ತು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ಸಮ್ಮೇಳನವು ರೋಧದ ಏಕಮಾನಕ್ಕೆ ಓಮ್ ಎಂಬ ಹೆಸರನ್ನು ಒಪ್ಪಿತು. ಅದರ ಗುರುತು ಕುದುರೆ ಲಾಳದಂತೆ ಕಾಣುವ ಗ್ರೀಕ್ ಅಕ್ಷರ ಒಮೇಗ.

ಈಗ ಆಸ್ಟ್ರೇಲಿಯದ ಬಯಲಿಗೆ ಮರಳೋಣ. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್ ದೂರ. ಹೋಗಲು ಒಂದು ತಂತಿ, ಬರಲು ಒಂದು, ಒಟ್ಟು 12 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ರೋಧ ಸುಮಾರು 0.2 ಓಮ್. ಇಷ್ಟೇ ತಾನೇ ಎನ್ನಬೇಡಿ. ಫ್ರಿಜ್ 6 ಆಂಪೇರ್ ಎಳೆದರೆ ಆರನ್ನು 0.2ರಿಂದ ಗುಣಿಸಿ, 1.2 ವೋಲ್ಟ್ ದಾರಿಯಲ್ಲೇ ಕಳೆದುಹೋಯಿತು. ಫ್ರಿಜ್‌ಗೆ ತಲುಪಿದ್ದು 10.8 ವೋಲ್ಟ್. ವೋಲ್ಟೇಜ್ ಒಂದು ಮಿತಿಗಿಂತ ಇಳಿದರೆ ತಾನೇ ನಿಂತುಬಿಡುವ ಏರ್ಪಾಡು ಇಂತಹ ಫ್ರಿಜ್‌ಗಳಲ್ಲಿ ಇರುತ್ತದೆ. ಅದು ನಿಂತ ಕೂಡಲೇ ಪ್ರವಾಹವೂ ನಿಂತಿತು, ನಷ್ಟವೂ ಮಾಯ! ಆಗ ಮೀಟರ್ ಹಿಡಿದರೆ ಎಲ್ಲಿ ನೋಡಿದರೂ 12 ವೋಲ್ಟ್. ಆದ್ದರಿಂದ ಬಲ್ಲ ಮೆಕ್ಯಾನಿಕ್ ಫ್ರಿಜ್ ಓಡುತ್ತಿರುವಾಗ ಅಳೆಯುತ್ತಾನೆ, ಅದೂ ಬ್ಯಾಟರಿಯ ಬಳಿ ಒಮ್ಮೆ, ಫ್ರಿಜ್‌ನ ಬಳಿ ಒಮ್ಮೆ. ಎರಡಕ್ಕೂ ಬಹಳ ವ್ಯತ್ಯಾಸವಿದ್ದರೆ ತಪ್ಪು ತಂತಿಯದು, ಇಲ್ಲವೇ ತುಕ್ಕು ಹಿಡಿದ ಜೋಡಣೆಯದು. ಆರು ಪಟ್ಟು ದಪ್ಪದ ತಂತಿ ಹಾಕಿದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿಯ ಬಳಿಯೇ ವೋಲ್ಟೇಜ್ ಕುಸಿದರೆ ತಪ್ಪು ಬ್ಯಾಟರಿಯದೇ. ಒಂದೋ ಅದು ಖಾಲಿಯಾಗಿದೆ, ಇಲ್ಲವೇ ಹಳತಾಗಿ ಅದರ ಒಳಗಿನ ರೋಧ ಹೆಚ್ಚಿದೆ.

ನಿಮ್ಮ ಮನೆಯಲ್ಲೂ ಒಂದು ಪ್ರಯೋಗ ಮಾಡಬಹುದು. ಬಲ್ಬ್ ಮಂಕಾಗಿ ಉರಿಯುವಷ್ಟು ಸೋತ ಟಾರ್ಚಿನ ಸೆಲ್ಲನ್ನು ಎಸೆಯಬೇಡಿ. ಅದೇ ಅಳತೆಯ ಸೆಲ್ ಹಾಕುವ ಗೋಡೆ ಗಡಿಯಾರ ಇದ್ದರೆ ಅದಕ್ಕೆ ಹಾಕಿ. ಎಷ್ಟೋ ಸಲ ಅದು ಇನ್ನೂ ಹಲವು ವಾರ ಗಡಿಯಾರ ಓಡಿಸುತ್ತದೆ. ಗಡಿಯಾರ ಎಳೆಯುವ ಪ್ರವಾಹ ಟಾರ್ಚಿನ ಬಲ್ಬಿಗಿಂತ ಬಹಳ ಕಡಿಮೆ. ಬಲ್ಬಿಗೆ ಸಾಲದ ಸೆಲ್ ಗಡಿಯಾರಕ್ಕೆ ಹೇಗೆ ಸಾಕಾಯಿತು? ಓಮ್‌ನ ಇಪ್ಪತ್ತೂಕಾಲು ಅಂಗುಲವನ್ನು ನೆನಪಿಸಿಕೊಂಡು, ಉತ್ತರ ಬರೆದು ನಿಮ್ಮ ಗುರುಗಳಿಗೆ ತೋರಿಸಿ.