ಧೂಳನ್ನು ಗಮನಿಸಿದ ಪ್ಲಿನಿ

ನನ್ನ ಅಬ್ಬಾ ಹಳೆಯ ಬ್ಯಾಟರಿಗಳನ್ನು ರಿಪೇರಿ ಮಾಡುತ್ತಾರೆ. ಸೀಸ ಕರಗಿಸುವಾಗಲೂ ಮಾಸ್ಕ್ ಹಾಕುತ್ತಿರಲಿಲ್ಲ. ಅದಕ್ಕೇ ಹಿರಿಯ ಪ್ಲಿನಿಯ ಜೀವನ ಓದಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ಕ್ರಿ.ಶ. 23ರ ಸುಮಾರಿಗೆ ಇಟಲಿಯ ಕೋಮೊದಲ್ಲಿ ಹುಟ್ಟಿದ ಪ್ಲಿನಿ ರೋಮನ್ ಸೈನ್ಯದಲ್ಲಿ ದುಡಿದು, ಮುಂದೆ ಸ್ಪೇನಿನಲ್ಲಿ ಅಧಿಕಾರಿಯಾದರು. ಬೆಟ್ಟ ಕೆಡವಿ, ನೀರು ಹರಿಸಿ ಚಿನ್ನ ತೆಗೆಯುವ ಬಗೆಯನ್ನು 37 ಸಂಪುಟಗಳ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ವಿವರಿಸಿದರು. ಸೀಸದ ಕುಲುಮೆಯ ಹೊಗೆ ಪ್ರಾಣಕ್ಕೆ ಅಪಾಯವೆಂದು ಬರೆದರು. ಪಾದರಸದ ಅದಿರಾದ ಇಂಗಳೀಕದ ಕೆಲಸಗಾರರು ಧೂಳು ಒಳಹೋಗದಂತೆ ಪ್ರಾಣಿಯ ಮೂತ್ರಕೋಶದ ತೆಳು ಚರ್ಮವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದುದನ್ನೂ ದಾಖಲಿಸಿದರು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಅವರು ಮಿಸೇನಮ್‌ನಲ್ಲಿ ನೌಕಾಪಡೆಯ ಮುಖ್ಯಸ್ಥರು. ಜನರನ್ನು ಉಳಿಸಲು ಹಡಗುಗಳೊಂದಿಗೆ ಹೊರಟವರು ಸ್ಟೇಬಿಯೇ ದಡದಲ್ಲಿ ಹೊಗೆ, ಬೂದಿಯ ನಡುವೆ ಪ್ರಾಣಬಿಟ್ಟರು.

ಜ್ವಾಲಾಮುಖಿಯನ್ನು ತಡೆಯಲು ಯಾರಿಗೂ ಆಗದು. ಗಣಿ, ಕುಲುಮೆಗಳ ವಿಷ ಮಾತ್ರ ನಮ್ಮದೇ ಕೈಕೆಲಸ. ರೋಮನ್ನರ ಕಾಲದ ಸೀಸ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ಇಂದಿಗೂ ಉಳಿದಿದೆ.

ಅಬ್ಬಾಗೆ ಇದನ್ನೆಲ್ಲ ಹೇಳಿದೆ. ನಕ್ಕರು. ಈಗ ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುತ್ತಾರೆ, ಮಾಸ್ಕನ್ನೂ ಹಾಕುತ್ತಾರೆ. ಮರೆತ ದಿನ ನಾನು ನೆನಪಿಸುತ್ತೇನೆ.