ಮತದ ಜತೆಗೊಂದು ನೋಟು

ವಿಧಾನಸೌಧದ ಸಮೀಪದ ಗೋಪಾಲಗೌಡ ವೃತ್ತವನ್ನು ದಿನವೂ ದಾಟುವ ಬೆಂಗಳೂರಿಗರಲ್ಲಿ ಬಹುಮಂದಿಗೆ ಅದು ವಾಹನ ದಟ್ಟಣೆಯ ಮತ್ತೊಂದು ತಾಣ, ಅಷ್ಟೆ. ಸಾಹಿತ್ಯದ ಒಲವುಳ್ಳವರು ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನಲ್ಲಿ ಶಾಂತವೇರಿ ಗೋಪಾಲಗೌಡರನ್ನು ಕಾಣುತ್ತಾರೆ. ಕಾದಂಬರಿಯ ನಾಯಕ ಎಷ್ಟಾದರೂ ಕಾದಂಬರಿಕಾರನ ಸೃಷ್ಟಿ. ನಾನು ಬರೆಯಹೊರಟಿರುವುದು 1967ರ ಚುನಾವಣೆಯಲ್ಲಿ ಯಾರ ಪರವಾಗಿ ತೀರ್ಥಹಳ್ಳಿ ಸೀಮೆಯ ಕಾಡುದಾರಿಗಳಲ್ಲಿ ನಡೆದೆನೋ ಆ ಮನುಷ್ಯನ ಬಗ್ಗೆ.

ಅವರು ಹುಟ್ಟಿದ್ದು 1923ರಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ, ಬಡತನದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪಕ್ಷದ ಕಡೆಗೆ ಹೋಗದೆ ಸಮಾಜವಾದಿಗಳ ಜತೆ ಉಳಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು, ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗದ ಗಾತ್ರವನ್ನು ಪ್ರಶ್ನಿಸಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘಟನೆಯ ಆ ಹೋರಾಟಕ್ಕೆ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಸತ್ಯಾಗ್ರಹಿಗಳು ತಂಡ ತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ಗೋಪಾಲಗೌಡರ ರಾಜಕಾರಣಕ್ಕೆ ನೆಲೆ ಸಿಕ್ಕಿದ್ದು ಆ ಗದ್ದೆಯ ಬದುವಿನ ಮೇಲೆ.

ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತು ಗೆದ್ದರು. ಕೈಯಲ್ಲಿ ಹಣವಿರಲಿಲ್ಲ. ಒಂದು ವೋಟು, ಒಂದು ನೋಟು ಎಂದು ಮತದಾರರನ್ನೇ ಬೇಡಿದರು. ಇದನ್ನು ಬಡ ಅಭ್ಯರ್ಥಿಯ ಅನಿವಾರ್ಯತೆ ಎಂದು ಎಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ರೂಪಾಯಿ ಕೊಟ್ಟ ಗೇಣಿದಾರನಿಗೆ ತನ್ನ ಶಾಸಕನನ್ನು ನಿಲ್ಲಿಸಿ ಲೆಕ್ಕ ಕೇಳುವ ಹಕ್ಕು ಹುಟ್ಟುತ್ತಿತ್ತು. ಗೌಡರಿಗೆ ಬೇಕಾಗಿದ್ದುದೂ ಅದೇ.

1957ರಲ್ಲಿ ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು, 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಅಲ್ಲಿಯೇ ಮತ್ತೆ ನಿಂತಾಗ ನಾನು ಕಾಲೇಜು ವಿದ್ಯಾರ್ಥಿ. ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ನಡೆದ ವರ್ಷವದು, ಲೋಕಸಭೆಗೆ ಜೆ.ಎಚ್. ಪಟೇಲರು ಅಭ್ಯರ್ಥಿ. ನಮ್ಮ ಕೆಲಸದಲ್ಲಿ ರೋಮಾಂಚನವೇನೂ ಇರಲಿಲ್ಲ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಮತದಾರರ ಪಟ್ಟಿ ನೋಡಿ ಚೀಟಿ ಬರೆಯುವುದು, ಮೈದಾ ಅಂಟು ಕಾಸಿ ಭಿತ್ತಿಪತ್ರ ಹಚ್ಚುವುದು, ಬೆಳಗಾದರೆ ನಡೆಯುವುದು. ಮಲೆನಾಡಿನಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಗುಡ್ಡ. ಮೇಗರವಳ್ಳಿ, ಆಗುಂಬೆಯ ಕಡೆ ದಿನವಿಡೀ ಅಲೆದರೂ ಎಣಿಸುವಷ್ಟೇ ಮನೆ. ಊಟ ಯಾರ ಮನೆಯಲ್ಲಾದರೂ ಸರಿ. ಭತ್ಯೆಯ ಮಾತೇ ಇರಲಿಲ್ಲ, ಬದಲಾಗಿ ಜನ ಕೊಟ್ಟ ಚಿಲ್ಲರೆಯನ್ನು ನಾವು ಎಣಿಸಿ ಒಪ್ಪಿಸಬೇಕಿತ್ತು.

ಒಂದು ಸಂಜೆ ಆರಗದ ಬಳಿಯ ಮನೆಯೊಂದರ ಜಗಲಿಯಲ್ಲಿ ಗೌಡರು ಸಿಕ್ಕರು. ವೇದಿಕೆಯಲ್ಲಿ ಸಿಡಿಲಿನಂತೆ ಗುಡುಗುತ್ತಿದ್ದವರು ಅಲ್ಲಿ ದಣಿದು ಕಂಬಕ್ಕೊರಗಿದ್ದರು. ನನ್ನ ಊರು, ಮನೆತನ ವಿಚಾರಿಸಿದರು. ನಮ್ಮದು ಗೇಣಿ ಪಡೆಯುವ ಮನೆ. ಮುಚ್ಚಿಡದೆ ಹೇಳಿದೆ. ಎಷ್ಟು ಒಕ್ಕಲು, ಎಷ್ಟು ಖಂಡುಗ ಬರುತ್ತದೆ, ಅಳೆಯುವವರು ಯಾರು ಎಂದು ಒಂದೊಂದಾಗಿ ಕೇಳಿದರು. ಆಪಾದನೆಯ ದನಿಯಿರಲಿಲ್ಲ, ನನ್ನ ಬೆನ್ನು ತಟ್ಟುವ ಔದಾರ್ಯವೂ ಇರಲಿಲ್ಲ. ತಾವು ಗೆದ್ದರೆ ನಮ್ಮ ಮನೆಗೆ ಬರುವ ಅಕ್ಕಿ ಕಡಿಮೆಯಾಗುವುದೆಂದು ಎಚ್ಚರಿಸಿ, ಗೊತ್ತಿದ್ದೇ ಬಂದೆಯಾ ಎಂಬಂತೆ ನನ್ನ ಮುಖ ನೋಡಿದರು. ಗೊತ್ತಿದೆ ಎಂದೆ. ಅಷ್ಟರಲ್ಲಿ ಯಾರೋ ಬಂದು ಮಾತು ಬೇರೆಡೆಗೆ ಹೊರಳಿತು. ಮೆಚ್ಚಿದ ನಾಯಕನ ಭೇಟಿಯಿಂದ ಪುಳಕಗೊಳ್ಳಬೇಕಿದ್ದ ವಯಸ್ಸು. ನಾನು ಮಾತ್ರ ನಮ್ಮ ಕಣಜದ ಲೆಕ್ಕ ಹಾಕುತ್ತ ಮಲಗಿದೆ.

ಗೌಡರೂ ಪಟೇಲರೂ ಇಬ್ಬರೂ ಗೆದ್ದರು. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಇತಿಹಾಸವಾದರು. ಗೌಡರು ವಿಧಾನಸಭೆಯಲ್ಲಿ ಕನ್ನಡವೇ ಆಡಳಿತದ ಭಾಷೆಯಾಗಬೇಕೆಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕೆಂದು, ಉಳುವವನೇ ನೆಲದೊಡೆಯನಾಗಬೇಕೆಂದು ವಾದಿಸುತ್ತಲೇ ಇದ್ದರು. ಅವರ ಕೋಪ ಪ್ರಸಿದ್ಧ. ಆ ಕೋಪದ ಹಿಂದಿನ ಓದು, ಸಂಗೀತ-ಸಾಹಿತ್ಯಗಳ ಅಭಿರುಚಿ ಅಷ್ಟಾಗಿ ಪ್ರಸಿದ್ಧವಲ್ಲ. ಆರೋಗ್ಯ ಕೈಕೊಟ್ಟಿತ್ತು. 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು 49. ಸಚಿವರಾಗಲಿಲ್ಲ, ಆಸ್ತಿ ಮಾಡಲಿಲ್ಲ.

ಮರುವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಕಾಯ್ದೆಯಂತೆ ಗೇಣಿ ಪದ್ಧತಿ ರದ್ದಾಯಿತು. ಎರಡನ್ನೂ ನೋಡಲು ಗೌಡರಿರಲಿಲ್ಲ. ಗೇಣಿದಾರರು ಭೂನ್ಯಾಯ ಮಂಡಳಿಗೆ ಏಳನೇ ನಮೂನೆಯ ಅರ್ಜಿ ಕೊಡತೊಡಗಿದಾಗ ನಮ್ಮ ಹಿರಿಯ ಒಕ್ಕಲೊಬ್ಬರು ಕಾಗದ ಹಿಡಿದು ನಮ್ಮದೇ ಅಂಗಳಕ್ಕೆ ಬಂದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಬರೆಯಬಲ್ಲ ಪರಿಚಿತರು ಬೇರಿರಲಿಲ್ಲ. ನನ್ನ ತಂದೆ ಎದ್ದು ಒಳಗೆ ಹೋದರು. ಸರ್ವೆ ನಂಬರು ಅವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು; ಅರ್ಜಿ ತುಂಬಿ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿ ಕಳುಹಿಸಿದೆ.