ಆರು ವಾರ ಡೇರೆಯಲ್ಲಿ

ಸರ್ವೆ ಕ್ಯಾಂಪಿನ ಮೂರನೇ ದಿನ ನನ್ನ ಕಾಲು ತಾಗಿ ಸ್ಟ್ಯಾಂಡ್ ಸಮೇತ ಥಿಯೋಡಲೈಟ್ ಉರುಳಿತು. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ. ಆದರೆ ಆಮೇಲೆ ತ್ರಿಕೋನದ ಮೂರೂ ಕೋನ ಕೂಡಿಸಿದರೆ 180 ಡಿಗ್ರಿ ಬರಲೇ ಇಲ್ಲ. ಬ್ಯಾಚಿನವರೆಲ್ಲ ಸೇರಿ ರೀಡಿಂಗ್ ತಿದ್ದಿ, ಲೆಕ್ಕ ಸರಿಹೋಗುವ ಹಾಗೆ ಬರೆದೆವು. ಆ ರಾತ್ರಿ ವೈವಾಗೆಂದು ವಿಲಿಯಂ ಲ್ಯಾಂಬ್ಟನ್ ಬಗ್ಗೆ ಓದುತ್ತಾ ಕೂತೆ.

ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಮನೆಯ ಹುಡುಗ, ಲೆಕ್ಕದಲ್ಲಿ ಜಾಣ. 1799ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧಕ್ಕೆ ಬಂದ ಸೈನ್ಯದಲ್ಲಿದ್ದ. ಒಂದು ರಾತ್ರಿ ತಮ್ಮ ದಂಡು ದಾರಿ ತಪ್ಪಿ ಶತ್ರುವಿನ ಕಡೆಗೇ ಹೊರಟಿದ್ದನ್ನು ನಕ್ಷತ್ರ ನೋಡಿ ಹೇಳಿದನಂತೆ. ಯುದ್ಧ ಮುಗಿದ ಮೇಲೆ, 1800ರಲ್ಲಿ, ಬೆಂಗಳೂರಿನ ಬಳಿ ಮೊದಲ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಏಳೂವರೆ ಮೈಲಿ ಅಳೆದು ದೊಡ್ಡ ಕೆಲಸ ಶುರುಮಾಡಿದ. ಒಂದು ಗೆರೆ ಅಳೆದರಾಯಿತು, ಮುಂದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನ ಮಾತ್ರ.

ನಮ್ಮೂರು ಮಧುಗಿರಿ ತಾಲ್ಲೂಕಿನ ದೊಡ್ಡೇರಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಸೀಮೆಗೆ ಬಂದು ಪೆನ್ನಾರ್ ಸೇರುತ್ತದೆ. ಅದೇ ಬೆಟ್ಟದ ಶಿಂಷಾ ಕಾವೇರಿಗೆ ಹೋಗುತ್ತದೆ. ಮಳೆಹನಿ ಯಾವ ಹೊಳೆಯ ಪಾಲು ಎನ್ನುವ ಗೆರೆಯನ್ನು ನಾವು ಟೋಪೋಶೀಟ್ ಮೇಲೆ ಸುಲಭವಾಗಿ ಎಳೆಯುತ್ತೇವೆ. ಆ ಶೀಟಿನ ಅಡಿಪಾಯ ಇಂಥ ತ್ರಿಕೋನಗಳೇ. ಒಂದು ಕೋನ ಸುಳ್ಳಾದರೆ ಅದರ ಮೇಲೆ ಕಟ್ಟಿದ ಮುಂದಿನ ಬೆಟ್ಟಗಳೂ ಜಾಗ ತಪ್ಪುತ್ತವೆ.

ಲ್ಯಾಂಬ್ಟನ್ನನ ಥಿಯೋಡಲೈಟ್ ಸುಮಾರು ಅರ್ಧ ಟನ್ ತೂಕದ್ದು. ಹಡಗಿನಲ್ಲಿ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ, ಅವರು ವಾಪಸ್ ಕೊಟ್ಟದ್ದು! 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಹರಿಯಿತು. ಯಂತ್ರ ಗೋಡೆಗೆ ಬಡಿದು, ಕೋನ ಅಳೆಯುವ ದೊಡ್ಡ ಚಕ್ರವೇ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಕೆಲಸ ಬಿಡುತ್ತಿದ್ದರೇನೋ. ಈತ ಡೇರೆಯೊಳಗೆ ಸೇರಿಕೊಂಡು, ಕುಶಲಕರ್ಮಿಗಳನ್ನು ಬಿಟ್ಟು ಯಾರನ್ನೂ ಒಳಗೆ ಬಿಡದೆ, ಆರು ವಾರ ತಿರುಪು, ರಾಟೆ ಕಟ್ಟಿ ಕೂದಲೆಳೆಯಷ್ಟೇ ಎಳೆಯುತ್ತಾ ಚಕ್ರವನ್ನು ಮೊದಲಿನ ಆಕಾರಕ್ಕೆ ತಂದ. ಆಮೇಲೆ ಅದೇ ಯಂತ್ರದಲ್ಲಿ ಮುಂದುವರಿದ. 1823ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಸರ್ವೆಯ ದಾರಿಯಲ್ಲೇ ಹಿಂಗನಘಾಟ್‌ನಲ್ಲಿ ತೀರಿಕೊಂಡ. ಎವರೆಸ್ಟ್ ಅವನ ಸಹಾಯಕನಾಗಿದ್ದವನು. ಶಿಖರಕ್ಕೆ ಹೆಸರು ಬಂದದ್ದು ಅವನದು.

ಬೆಳಿಗ್ಗೆ ಸರ್ ಹತ್ತಿರ ಹೋಗಿ ಹೇಳಿಬಿಟ್ಟೆ. ಚೆನ್ನಾಗಿ ಬೈದರು. ಬೇರೆ ಥಿಯೋಡಲೈಟ್ ಕೊಟ್ಟು ಅದೇ ತ್ರಿಕೋನ ಮತ್ತೆ ಅಳೆಯಲು ಕಳಿಸಿದರು. ಬಿಸಿಲಲ್ಲಿ ಎರಡು ದಿನ ಹೋಯಿತು. ಬ್ಯಾಚಿನ ಇಬ್ಬರು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.